ನೀತಿ ಯಾರಿಗೆ ಹೇಳಬೇಕು

ಮೇಷ್ಟ್ರು: ಚನ್ನರಾಯಪಟ್ಟಣದ ಹತ್ತಿರ ಒಂದು ಊರಲ್ಲಿ ಭಾಷಣಕ್ಕೆ ಕರೆದಿದ್ದಾರೆ ಕಣಮ್ಮ. ದೇವಸ್ಥಾನದ ಜೀರ್ಣೋದ್ಧಾರ ಮುಗಿದಿದೆ, ಸಂಜೆ ಸಭೆ. ವಿಷಯ ಅವರೇ ಕೊಟ್ಟಿದ್ದಾರೆ, ‘ನೀತಿಯ ಬದುಕು’ ಅಂತ. ಬೆಳೆ ಕೈಕೊಟ್ಟಿದೆ, ಊರಲ್ಲಿ ಕಷ್ಟ ಇದೆ, ಜನಕ್ಕೆ ನಾಲ್ಕು ಒಳ್ಳೆ ಮಾತು ಹೇಳಿ ಅಂದರು. ನೀನು ಆಶಾ ಕೆಲಸ ಅಂತ ದಿನಾ ಮನೆಮನೆ ತಿರುಗೋಳು. ಈ ಕಷ್ಟದ ಕಾಲದಲ್ಲಿ ಯಾವ ಮಾತು ಜನಕ್ಕೆ ಬೇಕು, ಹೇಳು.

ಕಾರ್ಯಕರ್ತೆ: ಸಭೆಗೆ ಯಾರ್ಯಾರು ಬರ್ತಾರೆ ಮೇಷ್ಟ್ರೇ?

ಮೇಷ್ಟ್ರು: ಊರಿಗೆ ಊರೇ ಬರುತ್ತೆ. ಮುಂದೆ ಕುರ್ಚಿಯಲ್ಲಿ ದೊಡ್ಡವರು, ಹಿಂದೆ ಜಮಖಾನದ ಮೇಲೆ ಉಳಿದವರು. ಯಾಕೆ ಕೇಳ್ತೀಯ?

ಕಾರ್ಯಕರ್ತೆ: ನೀತಿಯ ಮಾತು ಯಾವತ್ತೂ ಜಮಖಾನದ ಕಡೆಗೇ ಹೋಗುತ್ತೆ, ಅದಕ್ಕೆ ಕೇಳಿದೆ. ಕುಡೀಬೇಡಿ, ಸಾಲ ಮಾಡಬೇಡಿ, ಮದುವೆಗೆ ದುಂದು ಮಾಡಬೇಡಿ, ಸೋಮಾರಿಗಳಾಗಬೇಡಿ. ಚಿಕ್ಕಂದಿನಿಂದ ಕೇಳ್ತಾ ಬಂದಿದೀನಿ. ಬಡ್ಡಿ ನ್ಯಾಯವಾಗಿ ತಗೊಳ್ಳಿ, ಕೂಲಿ ಹೊತ್ತಿಗೆ ಸರಿಯಾಗಿ ಕೊಡಿ ಅಂತ ಒಂದು ಸಭೆಯಲ್ಲೂ ಕೇಳಲಿಲ್ಲ.

ಮೇಷ್ಟ್ರು: ಕುಡಿತದ ಮಾತು ಬೇಡ ಅಂತೀಯಾ? ಗಂಡ ಕುಡಿದು ಮನೆ ತೊಳೆದ ಸಂಸಾರಗಳನ್ನ ನನಗಿಂತ ಹೆಚ್ಚಾಗಿ ನೀನೇ ನೋಡಿದೀಯ. ಅಲ್ಲಿ ಬಡತನಕ್ಕೆ ಕಾರಣ ಕುಡಿತ ಅಲ್ಲದೆ ಇನ್ನೇನು?

ಕಾರ್ಯಕರ್ತೆ: ನೋಡಿದೀನಿ. ಅದಕ್ಕೇ ಆ ಮಾತು ಯಾರಿಗೆ ಹೇಳಬೇಕು ಅನ್ನೋದು ನನಗೆ ಮುಖ್ಯ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತಲ್ಲ, ಅದಕ್ಕೆ ಮುಂಚೆ ಎಷ್ಟು ವರ್ಷ ಹಳ್ಳಿ ಹೆಂಗಸರು ಅಂಗಡಿ ಮುಂದೆ ಕೂತು ಕೂಗಿದರು! ಅವರು ಗಂಡಂದಿರಿಗೆ ಬುದ್ಧಿ ಹೇಳಿ ಹೇಳಿ ಸೋತು, ಕೊನೆಗೆ ಸರ್ಕಾರಕ್ಕೆ ಬುದ್ಧಿ ಹೇಳಿದರು. ಆಗ ಆಯ್ತು. ಸಾರಾಯಿ ಹೋಯ್ತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿದ್ದರು. ಒಂದು ಕಡೆ ಗುರಿ ಇಟ್ಟು ಮಾರೋದು, ಇನ್ನೊಂದು ಕಡೆ ಕುಡಿದವನಿಗೆ ಉಪದೇಶ. ಆ ಕುಡುಕನಿಗೂ ಹೇಳಿ, ನಾನು ಬೇಡ ಅನ್ನಲ್ಲ. ಅವನೊಬ್ಬನಿಗೇ ಹೇಳಿ ಮನೆಗೆ ಬಂದರೆ ಅರ್ಧ ಮಾತೂ ಆಡಿದ ಹಾಗೆ ಆಗಲ್ಲ.

ಮೇಷ್ಟ್ರು: ಮಾತು ಒಪ್ಪಿದೆ. ಆದರೆ ದೊಡ್ಡವರ ತಪ್ಪನ್ನ ತೋರಿಸ್ತಾ ಕೂತರೆ ಚಿಕ್ಕವನು ತನ್ನ ತಪ್ಪನ್ನ ತಿದ್ದಿಕೊಳ್ಳೋದು ಯಾವಾಗ? ವ್ಯವಸ್ಥೆ ಬದಲಾಗೋವರೆಗೂ ಕಾಯಿ ಅಂತ ಮಕ್ಕಳಿಗೆ ಪಾಠ ಹೇಳೋಕಾಗುತ್ತಾ?

ಕಾರ್ಯಕರ್ತೆ: ಕಾಯಿ ಅಂತ ಯಾರು ಹೇಳಿದರು? ನಮ್ಮ ಅರಕಲಗೂಡಿನ ಕಡೆ ವಿಷಯ ತಗೊಳ್ಳಿ. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಇದೆ. ತಂಬಾಕು ಕೆಟ್ಟದ್ದು ಅಂತ ಮನೆಮನೆಗೆ ಹೇಳೋದು ನನ್ನ ಕೆಲಸ, ಅದು ಸತ್ಯವೂ ಹೌದು. ತಂಬಾಕು ತಡೀತೀವಿ ಅಂತ ಜಗತ್ತಿನ ದೇಶಗಳೆಲ್ಲ ಮಾಡಿಕೊಂಡ ಒಪ್ಪಂದಕ್ಕೆ ನಮ್ಮ ದೇಶ 2004ರಲ್ಲೇ ಒಪ್ಪಿದೆ. ಆದರೆ ನಾನು ಹೋಗೋ ಮನೆಯ ಹಿಂದೆ ಬ್ಯಾರನ್ ಇದೆ. ರಾತ್ರಿಯೆಲ್ಲ ಎದ್ದು ಸೌದೆ ಒಟ್ಟಿ ಸೊಪ್ಪು ಬೇಯಿಸೋ ಮನೆ. ಆ ಮನೆ ಮಗಳ ಕಾಲೇಜಿನ ಫೀಜು ಆ ಬೇಲಿನಿಂದಲೇ ಬರಬೇಕು. ‘ಬಿಟ್ಟು ಇನ್ನೇನು ಬೆಳೀಲಿ, ಅದಕ್ಕೆ ಬೆಲೆ ಯಾರು ಕಟ್ಟಿ ಕೊಡ್ತಾರೆ’ ಅಂತ ಆ ಯಜಮಾನ ಕೇಳಿದ. ಆ ಪ್ರಶ್ನೆಗೆ ಉತ್ತರ ಸಿಗೋದು ತಂಬಾಕು ಮಂಡಳಿಯಲ್ಲಿ, ಕೃಷಿ ಇಲಾಖೆಯಲ್ಲಿ, ಸಿಗರೇಟು ಕಂಪನಿಗಳಲ್ಲಿ. ಪಾಪದ ಮಾತನ್ನ ಮಾತ್ರ ಆ ರೈತನ ಅಂಗಳಕ್ಕೆ ತಂದು ಸುರೀತೀವಿ.

ಮೇಷ್ಟ್ರು: ಹೊಗೆಸೊಪ್ಪು ಬಿಟ್ಟು ಆಲೂಗಡ್ಡೆ ಹಾಕಿದವರ ಗತಿಯನ್ನೂ ನೋಡಿದೀವಿ. ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಯನ್ನ ಹಾಸನದ ಎಪಿಎಂಸಿಯಲ್ಲಿ ಕೇಳಿದ ಬೆಲೆಗೆ ಕೊಂಡು, ಮೊದಲ ಮಳೆಗೆ ಇಟ್ಟು, ಅಂಗಮಾರಿ ಬಂದು ಹೊಲದ ಹೊಲವೇ ಕರಗಿದ್ದನ್ನ ಈ ಜಿಲ್ಲೆಯ ಪ್ರತಿ ಊರೂ ಕಂಡಿದೆ. ಆಲೂಗಡ್ಡೆ ಅಂದರೆ ಹಾಸನ ಅನ್ನೋ ಕಾಲ ಇತ್ತು. ಈಗ ಆ ಹೊಲಗಳಲ್ಲಿ ಮುಸುಕಿನ ಜೋಳ, ಶುಂಠಿ. ಅವರಿಗೆ ದುಡಿಮೆಯ ಮಹಿಮೆ ಹೇಳೋ ಅಗತ್ಯ ಇಲ್ಲ, ಅದು ನನಗೂ ಗೊತ್ತು. ನಾನು ಹೇಳೋದು ಬೇರೆ. ಅನ್ನಭಾಗ್ಯ ಬಂದ ಮೇಲೆ ಕೂಲಿಗೆ ಜನ ಸಿಗ್ತಿಲ್ಲ ಅಂತ ಊರೂರಲ್ಲೂ ಹೇಳ್ತಾರೆ. ಪುಕ್ಕಟೆ ಅಕ್ಕಿ ಜನರನ್ನ ಸೋಮಾರಿ ಮಾಡುತ್ತೆ ಅನ್ನೋದರಲ್ಲಿ ಏನೂ ಹುರುಳಿಲ್ಲವಾ?

ಕಾರ್ಯಕರ್ತೆ: 2013ರ ಜುಲೈನಲ್ಲಿ ಆ ಅಕ್ಕಿ ಶುರುವಾದಾಗಿನಿಂದ ಈ ಮಾತು ಕೇಳ್ತಿದೀನಿ. ಹಸಿವು ಇದ್ದರೆ ಮಾತ್ರ ಕೆಲಸಕ್ಕೆ ಬರ್ತಾರೆ ಅಂತ ಹೇಳೋರು ತಮ್ಮ ಮಕ್ಕಳಿಗೆ ಹೊಟ್ಟೆತುಂಬ ಉಣ್ಣಿಸಿಯೇ ಸ್ಕೂಲಿಗೆ ಕಳಿಸ್ತಾರಲ್ಲ ಮೇಷ್ಟ್ರೇ? ನಾನು ರಕ್ತ ಕಡಿಮೆ ಇರೋ ಬಸುರಿಯರ ಹೆಸರು ಬರ್ಕೊಳ್ಳೋಳು. ಅವರ ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಬೆಳ್ಳಗಿರುತ್ತೆ. ಮನೇಲಿ ಅಕ್ಕಿ ಇದ್ದದ್ದಕ್ಕೆ ಹೆಂಗಸು ಎಂಟನೇ ತಿಂಗಳಲ್ಲಿ ಕಳೆ ಕೀಳೋಕೆ ಹೋಗದೆ ಮನೇಲಿ ಉಳಿದಳು ಅಂದರೆ ಅದನ್ನ ಸೋಮಾರಿತನ ಅನ್ನೋಕೆ ನನ್ನ ನಾಲಿಗೆ ಏಳಲ್ಲ. ಇನ್ನೊಂದು ದೂರು, ರೇಷನ್ ಅಕ್ಕಿ ಮಾರ್ಕೋತಾರೆ ಅಂತ. ಮಾರ್ಕೊಳ್ಳೋರು ಇದಾರೆ. ನಮ್ಮದು ಮುದ್ದೆ ತಿನ್ನೋ ಸೀಮೆ. ನಾಲ್ಕು ಕೆಜಿ ಅಕ್ಕಿ ಕೊಟ್ಟು ಬೇಳೆ, ಎಣ್ಣೆ ತರ್ತಾರೆ. ಕಾನೂನಿಗೆ ಅದು ತಪ್ಪು. ಆದರೆ ಹಾಗೆ ಮಾರೋ ಹೆಂಗಸಿಗೆ ಹೇಳೋ ಮುಂಚೆ ಆ ಅಕ್ಕಿನ ಚೀಲಗಟ್ಟಲೆ ಕೊಂಡು ಲಾರಿ ತುಂಬಿಸೋನಿಗೆ ಹೇಳಿ.

ಮೇಷ್ಟ್ರು: ಹಸಿವು ಮತ್ತು ನಿಯಮದ ವಿಚಾರ ಬಂತಲ್ಲ, ನಮ್ಮ ಜಿಲ್ಲೆಯಲ್ಲೇ ಅದಕ್ಕೊಂದು ಬಹಳ ಹಳೇ ಸಾಕ್ಷಿ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆ ಮೇಲೆ ಸುಮಾರು ಕ್ರಿ.ಶ. 600ರ ಶಾಸನ ಒಂದಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷದ ಕೇಡುಗಾಲ ಬರುತ್ತೆ ಅಂತ ಮೊದಲೇ ಅರಿತು ಹೇಳಿದರು, ಮುನಿಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟಿತು ಅನ್ನುತ್ತೆ ಅದು. ಚಂದ್ರಗುಪ್ತ ಮೌರ್ಯನೂ ಜೊತೆಗೆ ಬಂದ ಅನ್ನೋದು ಪರಂಪರೆಯ ನಂಬಿಕೆ. ಸಂಘ ತಲುಪಿದ ನಾಡನ್ನ ಆ ಶಾಸನ ಹೇಗೆ ಹೇಳುತ್ತೆ ಗೊತ್ತಾ? ಸುಖವಾಗಿರೋ ಜನ, ಧನ, ಧಾನ್ಯ, ಹಸು, ಎಮ್ಮೆ, ಆಡು, ಕುರಿ ತುಂಬಿದ ನಾಡು ಅಂತ ಒಂದೊಂದನ್ನೂ ಎಣಿಸುತ್ತೆ. ಎಲ್ಲ ಬಿಟ್ಟವರ ಶಾಸನದಲ್ಲಿ ಆಡು ಕುರಿಯ ಲೆಕ್ಕ!

ಕಾರ್ಯಕರ್ತೆ: ಸ್ವಾಮಿಗಳೂ ಅನ್ನ ಇರೋ ಕಡೆ ಬಂದರು.

ಮೇಷ್ಟ್ರು: ಬರಲೇಬೇಕಿತ್ತು. ಜೈನ ಮುನಿ ತಾನು ಅಡುಗೆ ಮಾಡೋ ಹಾಗಿಲ್ಲ, ಕೂಡಿಡೋ ಹಾಗಿಲ್ಲ. ಶ್ರಾವಕರ ಮನೆಯಲ್ಲಿ ನಿಂತು ಕೈಯಲ್ಲೇ ಉಣ್ಣಬೇಕು. ಆ ಮನೆಯಲ್ಲೇ ಕಾಳಿಲ್ಲದಿದ್ದರೆ ಅವರ ವ್ರತವೂ ಇಲ್ಲ. ಅದಕ್ಕಿಂತ ನನ್ನ ಮನಸ್ಸಲ್ಲಿ ಉಳಿದದ್ದು ಹಿಂದೆ ಉಳಿದವರ ಕಥೆ. ಹೊರಡದೆ ಉತ್ತರದಲ್ಲೇ ಇದ್ದ ಮುನಿಗಳ ಪಾಡನ್ನ ದಿಗಂಬರ ಪರಂಪರೆಯ ಕಥೆಗಳು ಹೇಳ್ತವೆ. ಹಸಿದ ಜನ ಬಾಗಿಲಿಗೆ ಮುತ್ತಿಕೊಳ್ತಾ ಇದ್ದರು. ಹಗಲು ಹೊತ್ತು ಮುನಿಗಳಿಗೆ ಬಡಿಸೋಕೆ ಮನೆಯವರಿಂದ ಆಗ್ತಿರಲಿಲ್ಲ. ರಾತ್ರಿ ಪಾತ್ರೆಯಲ್ಲಿ ಆಹಾರ ಒಯ್ದು ವಸತಿಯಲ್ಲಿ ಉಣ್ಣೋದು ಶುರುವಾಯ್ತು, ಮೈಮೇಲೆ ಅರ್ಧ ಬಟ್ಟೆ ಬಂತು. ಕ್ಷಾಮ ಮುಗಿದ ಮೇಲೆ ಹೋದವರಿಗೂ ಇದ್ದವರಿಗೂ ಭೇದ ಹುಟ್ಟಿತು ಅಂತ ಆ ಕಥೆಗಳು ಹೇಳ್ತವೆ. ಶ್ವೇತಾಂಬರರು ಇದನ್ನ ಒಪ್ಪಲ್ಲ, ಅವರ ಇತಿಹಾಸ ಬೇರೆ. ಇತಿಹಾಸದ ಜಗಳ ನಮಗೆ ಬೇಡ. ಮಹಾವ್ರತ ಹಿಡಿದವರ ನಿಯಮವನ್ನೂ ಕ್ಷಾಮ ಸಡಿಲಿಸಿತು ಅಂತ ಆ ಧರ್ಮದ ಕಥೆಗಳೇ ಮುಚ್ಚಿಡದೆ ಬರೆದಿಟ್ಟಿವೆ. ಅದು ನನಗೆ ದೊಡ್ಡದು.

ಕಾರ್ಯಕರ್ತೆ: ಮತ್ತೆ ಒಂದು ಹೊತ್ತು ಉಂಡು ಒಂದು ಹೊತ್ತು ಬಿಡೋ ಸಂಸಾರಸ್ಥೆ ಹತ್ತಿರ ಎಷ್ಟು ಗಟ್ಟಿಯಾಗಿ ಮಾತಾಡಬಹುದು ಅಂತ ನೀವೇ ಅಳತೆ ಮಾಡಿಕೊಳ್ಳಿ.

ಮೇಷ್ಟ್ರು: ಆದರೆ ಇನ್ನೊಂದು ಮುಖ ಇದೆಯಮ್ಮ. ಭದ್ರಬಾಹುವಿನ ಸಂಘ ನಿಯಮ ಬಿಡಲಿಲ್ಲ, ನೆಲ ಬಿಟ್ಟಿತು. ಮನುಷ್ಯ ಹಾಗೂ ಇರಬಲ್ಲ.

ಕಾರ್ಯಕರ್ತೆ: ನಮ್ಮ ಹುಡುಗರೂ ನೆಲ ಬಿಟ್ಟೇ ಬೆಂಗಳೂರಿಗೆ ಹೋಗಿರೋದು. ಯಾರದೋ ಗೇಟು ಕಾಯ್ತಾರೆ, ಕಳ್ಳತನ ಮಾಡಲಿಲ್ಲ. ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಹೋದರು. ಅವರನ್ನ ನಿಮ್ಮ ಶಾಸನದ ಪಕ್ಕದಲ್ಲಿ ನಿಲ್ಲಿಸಿ ನೋಡಿ.

ಮೇಷ್ಟ್ರು: ನಿಲ್ಲಿಸ್ತೀನಿ. ಇದೇ ಹಾಸನ ಸೀಮೆಯಲ್ಲಿ ಓಡಾಡಿದ ಇನ್ನೊಬ್ಬರೂ ನೆನಪಾಗ್ತಾರೆ, ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದವರು. ನಮ್ಮವರ ಹಾಗೇ ಬಟ್ಟೆ ಉಟ್ಟು, ನಮ್ಮವರ ಊಟ ಉಂಡು ಇದ್ದರು. ಜನ ‘ದೊಡ್ಡಸ್ವಾಮಿಯವರು’ ಅಂತಿದ್ದರು. ಬೋಧನೆ ಮಾಡೋಕೆ ಅಂತಲೇ ಬಂದವರು, 1823ರಲ್ಲಿ ವಾಪಸ್ ಹೋದಾಗ ಈ ದೇಶದಲ್ಲಿ ಮತಬೋಧನೆ ಸೋತಿತು ಅಂತ ತಾವೇ ಪುಸ್ತಕ ಬರೆದರು. ಆದರೆ ನೆಲೆಯಿಲ್ಲದ ರೈತರಿಗೆ ಹಾಸನದ ಹತ್ತಿರ ಅವರು ಕಟ್ಟಿಸಿದ ಬೇಸಾಯದ ಹಳ್ಳಿಗಳು ನಿಂತವು. 1803-04ರ ಹೊತ್ತಿಗೆ ಸಿಡುಬಿನ ದೇವಿ ಹಾಕೋ ಕೆಲಸ ಅವರು ವಹಿಸಿಕೊಂಡರು, 25 ಸಾವಿರಕ್ಕೂ ಹೆಚ್ಚು ಜನಕ್ಕೆ ದೇವಿ ಹಾಕಿಸಿದರು. ನಿನ್ನ ಕೆಲಸದ ಪೂರ್ವಿಕರು ಅವರು.

ಕಾರ್ಯಕರ್ತೆ: ದೇವಿ ಹಾಕಿದ್ದು ಉಳೀತು. ನನಗೂ ಅದೇ ಅನುಭವ. ಸೊಪ್ಪು ತಿನ್ನು, ಮೊಟ್ಟೆ ತಿನ್ನು, ಹಾಲು ಕುಡಿ ಅಂತ ಹೇಳಿದರೆ ನಗ್ತಾರೆ. ಅಂಗನವಾಡಿಯಲ್ಲಿ ಕೈಗೆ ಮೊಟ್ಟೆ ಕೊಟ್ಟು ಹೇಳಿದರೆ ಕೇಳ್ತಾರೆ. ಮೇಷ್ಟ್ರೇ, ಇನ್ನೊಂದು ಇದೆ, ಅದು ನನಗೇ ತಟ್ಟೋ ಮಾತು. ನಮ್ಮನ್ನ ನೌಕರರು ಅನ್ನಲ್ಲ, ಸ್ವಯಂಸೇವಕಿಯರು ಅಂತಾರೆ. ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಹೆಚ್ಚು ಕೇಳಿದರೆ ‘ನಿಮ್ಮದು ಸೇವೆ ಕಣಮ್ಮ, ಪುಣ್ಯದ ಕೆಲಸ’ ಅಂತಾರೆ. 2025ರ ಜನವರಿಯಲ್ಲಿ ಆ ಚಳೀಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತಮೇಲೆ ತಿಂಗಳಿಗೆ 10,000 ಅಂತ ಮಾತು ಕೊಟ್ಟರು. ಪುಣ್ಯ ಅನ್ನೋ ಮಾತು ಎಷ್ಟು ಚೆನ್ನಾಗಿದ್ದರೂ ಅದನ್ನ ಕೂಲಿಯ ಜಾಗದಲ್ಲಿ ಇಟ್ಟಾಗ ಅದು ಮೋಸ.

ಮೇಷ್ಟ್ರು: ಜೀತದ ಕಾಲದಲ್ಲೂ ಇದೇ ನಡೆದದ್ದು. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಹೇಳಿಯೇ ತಲೆಮಾರುಗಟ್ಟಲೆ ಜೀತದಾಳುಗಳನ್ನ ಕಟ್ಟಿಹಾಕಿದರು. ಎಂಥ ಒಳ್ಳೆ ಮಾತು ಅದು! ಕೃತಜ್ಞತೆಯ ಮಾತು. ಅದು ಯಾರ ಬಾಯಿಂದ ಯಾರ ಕಿವಿಗೆ ಬಿತ್ತು ಅನ್ನೋದರಿಂದ ಸರಪಳಿ ಆಯ್ತು. ಅದನ್ನ ಕಡಿಯೋಕೆ 1976ರ ಕಾನೂನೇ ಬೇಕಾಯ್ತು.

ಕಾರ್ಯಕರ್ತೆ: ಈಗ ಆ ಸರಪಳಿ ವಾರದ ಕಂತು ಮೇಷ್ಟ್ರೇ. ಇದನ್ನ ನೀವು ಸಭೆಯಲ್ಲಿ ಹೇಳಲೇಬೇಕು. ನಮ್ಮ ಬೀದೀಲಿ ವಾರಕ್ಕೊಂದು ದಿನ ಬೆಳಿಗ್ಗೆ ಸಾಲದ ಸಂಘದ ಮೀಟಿಂಗ್. ಹೆಂಗಸರು ಸಾಲಾಗಿ ಕೂರಬೇಕು, ಎದ್ದು ನಿಂತು ಪ್ರತಿಜ್ಞೆ ಹೇಳಬೇಕು. ಕಂತು ತಪ್ಪಿಸಲ್ಲ, ಸಂಘದ ಮಾನ ಕಾಯ್ತೀನಿ ಅಂತ. ಬೆಳೆ ಹೋದ ವರ್ಷವೂ ಅದೇ ಪ್ರತಿಜ್ಞೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಹಂಚಿಕೊಂಡು ಕಟ್ಟಬೇಕು, ಹಾಗಾಗಿ ಅವಳ ಮನೆ ಬಾಗಿಲಿಗೆ ಹೋಗಿ ಕೂರೋರು ಅವಳ ಓರಗೆಯವರೇ. ಒಂದು ಸಾಲ ತೀರಿಸೋಕೆ ಇನ್ನೊಂದು ಸಂಘ, ಅದಕ್ಕೆ ಮತ್ತೊಂದು. ಮೂಗುತಿ ಅಡ ಇಟ್ಟು ಕಂತು ಕಟ್ಟಿದವಳನ್ನ ನಾನು ಬಲ್ಲೆ. ಯಾಕೆ ಅಂದರೆ, ‘ಕೊಟ್ಟ ಮಾತಿಗೆ ತಪ್ಪಿದಳು ಅನ್ನಿಸಿಕೊಳ್ಳಲಾರೆ ಅಕ್ಕ’ ಅಂದಳು. ಸಾಲ ಕೊಟ್ಟೋನು ಅವಳ ಜಮೀನು ನೋಡಿ ಕೊಟ್ಟಿದ್ದಲ್ಲ, ಅವಳ ನೀತಿ ನೋಡಿ ಕೊಟ್ಟಿದ್ದು. ಹಳ್ಳಿ ಹೆಂಗಸು ಮಾನಕ್ಕೆ ಅಂಜ್ತಾಳೆ ಅಂತ ಅವನಿಗೆ ಗೊತ್ತು.

ಮೇಷ್ಟ್ರು: 2025ರಲ್ಲಿ ಅದಕ್ಕೂ ಕಾನೂನು ಬಂತಲ್ಲ. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ, ಆಮೇಲೆ ಅಧಿವೇಶನದಲ್ಲಿ ಮಸೂದೆ. ಕಿರುಸಾಲದ ವಸೂಲಿಗೆ ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಕಾರ್ಯಕರ್ತೆ: ಬಂದದ್ದು ಒಳ್ಳೇದಾಯ್ತು. ಆದರೆ ನಮ್ಮೂರಲ್ಲಿ ಅದನ್ನ ಯಾರೂ ಓದಿ ಹೇಳಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮಾತ್ರ ಇವತ್ತಿಗೂ ಹೇಳ್ತಾರೆ.

ಮೇಷ್ಟ್ರು: ಸರಿಯಮ್ಮ, ಹಾಗಾದರೆ ಕೊನೆಗೆ ಎಲ್ಲಿಗೆ ಬಂದೆವು? 1893ರ ಸೆಪ್ಟೆಂಬರಿನಲ್ಲಿ ವಿವೇಕಾನಂದರು ಚಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಎದ್ದು, ಹಸಿದವರಿಗೆ ಧರ್ಮ ಬೋಧಿಸೋದು ಅವರಿಗೆ ಮಾಡೋ ಅವಮಾನ ಅಂದರು. 1921ರಲ್ಲಿ ಗಾಂಧೀಜಿ ಟ್ಯಾಗೋರರಿಗೆ ಉತ್ತರ ಬರೀತಾ, ಹಸಿದು ಕೆಲಸವಿಲ್ಲದೆ ಕೂತ ಜನಕ್ಕೆ ದೇವರು ಕೆಲಸ ಮತ್ತು ಕೂಲಿಯ ಅನ್ನದ ರೂಪದಲ್ಲೇ ಕಾಣಿಸಿಕೊಳ್ಳಬೇಕು ಅಂತ ಅರ್ಥ ಬರೋ ಹಾಗೆ ಹೇಳಿದರು. ಹೊಟ್ಟೆ ತುಂಬೋವರೆಗೂ ಬಡವರ ಹತ್ತಿರ ನೀತಿಯ ಮಾತೇ ಆಡಬಾರದು, ಅಲ್ಲವಾ?

ಕಾರ್ಯಕರ್ತೆ: ಅಯ್ಯೋ, ಹಾಗನ್ನಬೇಡಿ. ಅದು ಇನ್ನೂ ದೊಡ್ಡ ಅವಮಾನ. ಬಡವರಿಗೆ ಹೊಟ್ಟೆ ಮಾತ್ರ ಇದೆ, ನ್ಯಾಯ ಅನ್ಯಾಯ ಗೊತ್ತಿಲ್ಲ ಅಂದ ಹಾಗಾಯ್ತು. ನಮ್ಮ ಕೇರೀಲಿ ಒಂದು ಸೇರು ರಾಗಿಹಿಟ್ಟು ಕಡ ತಂದವಳು ವಾಪಸ್ ಕೊಡುವಾಗ ಸೇರಿನ ಮೇಲೆ ಕೊಪ್ಪರಿಸಿ ಕೊಡ್ತಾಳೆ. ಕಡಿಮೆ ಕೊಟ್ಟಳು ಅನ್ನೋ ಮಾತು ಬರಬಾರದು ಅಂತ. ಬಾಣಂತಿ ಇರೋ ಮನೆಗೆ ಯಾರೂ ಹೇಳದೆ ಸಾರು ಹೋಗುತ್ತೆ. ಇದನ್ನ ಯಾವ ಭಾಷಣದಲ್ಲೂ ಕಲಿತದ್ದಲ್ಲ. ಜೊತೆಗೆ ನಮ್ಮಲ್ಲಿ ತಪ್ಪುಗಳೂ ಇವೆ, ಅದಕ್ಕೆ ಮಾತು ಬೇಕು. ಹದಿನಾರು ವರ್ಷದ ಹುಡುಗಿಗೆ ಲಗ್ನ ಗೊತ್ತು ಮಾಡ್ತಾರೆ. ಹೊಟ್ಟೇಲಿ ಹೆಣ್ಣು ಅಂತ ಗೊತ್ತಾದರೆ ಮುಖ ಸಪ್ಪಗೆ ಮಾಡ್ತಾರೆ. ದೇವಸ್ಥಾನದ ಮೆಟ್ಟಿಲು ಹತ್ತಬಾರದು ಅಂತ ಇನ್ನೊಬ್ಬ ಬಡವನನ್ನ ಬಡವನೇ ತಡೀತಾನೆ. ಅಲ್ಲಿ ನಿಮ್ಮ ಮಾತು ಬೇಕೇ ಬೇಕು. ನಿಮ್ಮಂಥ ಮೇಷ್ಟ್ರೊಬ್ಬರು ಮನೆಗೆ ಬಂದು ಅಪ್ಪನ ಹತ್ತಿರ ಸಂಜೆಯವರೆಗೆ ಕೂತು ಮಾತಾಡಿದ್ದಕ್ಕೇ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು. ಅವರು ಉಪದೇಶವನ್ನೇ ಮಾಡಿದರು. ಪರೀಕ್ಷೆ ಫೀಜನ್ನೂ ಕಟ್ಟಿದರು.

ಮೇಷ್ಟ್ರು: ನೀನು ಹೇಳಿದ್ದಕ್ಕೆ ಒಂದು ಕಾದಂಬರಿ ನೆನಪಾಯ್ತು. ಕಾದಂಬರಿಕಾರ ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. 1970ರಲ್ಲಿ ಬಂದ ಅವರ ‘ಗೃಹಭಂಗ’ದಲ್ಲಿ ಇದೇ ಸೀಮೆಯ ಪ್ಲೇಗು, ಬರ, ಹಸಿವು ಎಲ್ಲ ಇದೆ. ಅದರಲ್ಲಿ ಧರ್ಮ ಹೇಳೋರು ಎರಡು ಥರ ಬರ್ತಾರೆ. ಕಷ್ಟದಲ್ಲಿದ್ದವರಿಗೆ ಪ್ರಾಯಶ್ಚಿತ್ತ, ದಂಡ ಅಂತ ವಿಧಿಸೋ ಊರಿನ ಪುರೋಹಿತರು ಒಂದು ಕಡೆ. ಊರೂರು ಭಿಕ್ಷೆ ಎತ್ತಿ ತಂದ ಕಾಳನ್ನ ಕಥಾನಾಯಕಿ ನಂಜಮ್ಮನ ಮಕ್ಕಳಿಗೂ ಕೊಡೋ ಜಂಗಮಯ್ಯ ಇನ್ನೊಂದು ಕಡೆ. ಓದಿದವರಿಗೆ ಯಾರ ಮಾತು ಮನಸ್ಸಿಗೆ ಇಳೀತು ಅಂತ ಕೇಳಬೇಕಾಗಿಲ್ಲ.

ಕಾರ್ಯಕರ್ತೆ: ಹಾಗೇ ಮಠಗಳನ್ನೂ ನೋಡಿ. ತುಮಕೂರಿನ ಸಿದ್ಧಗಂಗೆಯ ಸ್ವಾಮಿಗಳ ಮಾತನ್ನ ಜನ ಯಾಕೆ ತಲೆ ಮೇಲೆ ಹೊತ್ತರು? ಅಲ್ಲಿ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ವಸತಿ ಇತ್ತು. ಒಲೆ ಆರಲಿಲ್ಲ.

ಮೇಷ್ಟ್ರು: ಬೆಳಗೊಳದ ಧರ್ಮದಲ್ಲೂ ಚತುರ್ವಿಧ ದಾನ ಅಂತ ಇದೆ. ಆಹಾರ, ಔಷಧ, ಶಾಸ್ತ್ರ, ಅಭಯ. ಶಾಸ್ತ್ರ, ಅಂದರೆ ಬೋಧನೆ, ಆ ನಾಲ್ಕರಲ್ಲಿ ಒಂದು. ಉಳಿದ ಮೂರನ್ನ ಕೊಡದೆ ಅದೊಂದನ್ನೇ ಎತ್ತಿ ಕೊಡ್ತೀವಿ, ಖರ್ಚಿಲ್ಲದ್ದು ಅದೊಂದೇ ಆದ್ದರಿಂದ. ಅಭಯದ ಮಾತನ್ನ ನಾನು ಈಚೆಗೆ ಹೆಚ್ಚು ಯೋಚನೆ ಮಾಡ್ತೀನಿ. ಬಡತನದಲ್ಲಿ ಹಸಿವಿನಷ್ಟೇ ಭಯ ಇದೆ. ಕಂತಿನ ಹುಡುಗ ಬರ್ತಾನೆ ಅನ್ನೋ ಭಯ, ಆಸ್ಪತ್ರೆ ಬಿಲ್ಲಿನ ಭಯ, ನಾಳೆ ಕೆಲಸಕ್ಕೆ ಕರೀದಿದ್ದರೆ ಅನ್ನೋ ಭಯ. ಹೆದರಿಕೊಂಡು ಕೂತವನಿಗೆ ಪಾಪದ ಹೆದರಿಕೆಯನ್ನೂ ಸೇರಿಸೋ ಉಪದೇಶ ಅಧರ್ಮ ಅಂತಲೇ ನಾನು ಹೇಳ್ತೀನಿ.

ಕಾರ್ಯಕರ್ತೆ: ಇದನ್ನ ಮೈಕಿನಲ್ಲಿ ಹೇಳಿದರೆ ಕುರ್ಚಿಯಲ್ಲಿ ಕೂತವರಿಗೆ ಇರುಸುಮುರುಸಾಗುತ್ತೆ. ಸಭೆ ಮಾಡಿಸಿದವರೂ ಅವರೇ.

ಮೇಷ್ಟ್ರು: ಆಗಲಿ. ಮುಂದಿನ ವರ್ಷ ಕರೀದಿದ್ದರೆ ಬೇಡ. ಆದರೆ ಅವರನ್ನ ಬೈಯೋಕೆ ನಾನು ಹೋಗಲ್ಲ. ಬೈದರೆ ಅವರ ಕಿವಿ ಮುಚ್ಚಿಹೋಗುತ್ತೆ. ಅವರಲ್ಲೂ ಅರ್ಧ ಜನ ಸಾಲಗಾರರೇ, ಬೆಳೆ ಕಳಕೊಂಡವರೇ. ಕೈಲಿ ನಾಲ್ಕೆಕರೆ ಹೆಚ್ಚಿದೆ ಅಷ್ಟೆ. ಏನು ಕೇಳಲಿ ಅವರನ್ನ, ಅದನ್ನ ಹೇಳು. ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ಎತ್ತಿದವರು ಊರಿಗೆ ಏನು ಮಾಡಬಹುದು?

ಕಾರ್ಯಕರ್ತೆ: ದೊಡ್ಡದೇನೂ ಬೇಡ. ಶುಂಠಿ ಕೀಳೋಕೆ, ಕಳೆ ತೆಗೆಯೋಕೆ ಬಂದವರ ಕೂಲಿಯನ್ನ ಆವತ್ತಿನದು ಆವತ್ತೇ ಕೊಡಲಿ. ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಲಿ. 1976ರಲ್ಲೇ ಸಮಾನ ವೇತನಕ್ಕೆ ಕಾನೂನಾಗಿದೆ, ಹೊಲದಲ್ಲಿ ಇನ್ನೂ ಆಗಿಲ್ಲ. ಕೈಸಾಲ ಕೊಡೋರು ಬೆಳೆ ಹೋದ ವರ್ಷದ ಬಡ್ಡಿ ಬಿಡಲಿ. ಕಿರುಸಾಲದ ಆ ಹೊಸ ಕಾನೂನನ್ನ ನೀವು ಕನ್ನಡದಲ್ಲಿ ಓದಿ ಹೇಳಿ, ಯಾರಿಗೆ ದೂರು ಕೊಡಬೇಕು ಅಂತ ಹೇಳಿ. ಇದು ಚನ್ನರಾಯಪಟ್ಟಣದ ಕಡೆಯ ಒಂದು ಊರಿನ ಮಾತಲ್ಲ. ಹೊಳೆನರಸೀಪುರ, ಅರಕಲಗೂಡು, ಹಾಸನ, ಎಲ್ಲೇ ನೀತಿ ಹೇಳೋಕೆ ಯಾರೇ ಎದ್ದು ನಿಂತರೂ ಮೊದಲು ಕೇಳಬೇಕಾದದ್ದು ಎರಡು: ಈ ಊರಲ್ಲಿ ಕೂಲಿ ಯಾವತ್ತು ಕೊಡ್ತೀರಿ? ಬಡ್ಡಿ ಎಷ್ಟು ತಗೋತೀರಿ?